ಕಥೆ ಕಟ್ಟಿದವರು, ಕೇಳಿ ತಿದ್ದಿದವರು



ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಅಚ್ಚಾದ ಕೃತಿಗಳು, ಬಿರುದು ಪಡೆದ ಹೆಸರುಗಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಇನ್ನೊಂದು ಬಗೆಯ ಬರಹಗಾರರ ಸಾಲೇ ಇದೆ. ಹಗಲೆಲ್ಲ ಬೇರೆ ಕಸುಬು, ರಾತ್ರಿ ಕಥೆ ಕಟ್ಟುವ ಹವ್ಯಾಸ. ಸಾಲಿ ಮಾಸ್ತರರು, ಪತ್ತಾರರು, ಒಕ್ಕಲು ಮಕ್ಕಳು ಇವರಲ್ಲಿದ್ದರು. ಇವರು ಬರೆದದ್ದು ಜನ ಕುತೂಹಲದಿಂದ ಕೇಳುವ ಪ್ರೇಮ, ಮೋಸ, ಕೊಲೆ, ತಮಾಷೆಯ ಕಥೆಗಳನ್ನು. ಬರೆದದ್ದನ್ನು ಮೊದಲು ಕೇಳಿಸಿದ್ದು ತಮ್ಮಂಥದೇ ಹವ್ಯಾಸವಿದ್ದ ನಾಲ್ಕಾರು ಗೆಳೆಯರಿಗೆ. ಆ ಗೆಳೆಯರು ನಕ್ಕರೆ ಹಾಡು ಉಳಿಯಿತು, ಆಕಳಿಸಿದರೆ ಹೋಯಿತು.

ಈ ಬರಹದ ಹೆಸರು ಸಣ್ಣಾಟ. ದೊಡ್ಡಾಟದಲ್ಲಿ ಪುರಾಣದ ರಾಜರು, ಕಿರೀಟ, ಭುಜಕೀರ್ತಿ, ಆರ್ಭಟದ ಕುಣಿತ ಇರುತ್ತವೆ. ಸಣ್ಣಾಟಕ್ಕೆ ಅಷ್ಟು ವೈಭವ ಬೇಡ. ಊರಲ್ಲಿ ಉಡುವ ಧೋತರ, ರುಮಾಲು, ಇಲಕಲ್ಲ ಸೀರೆಯೇ ವೇಷ. ಹಿಂದೆ ನಿಂತು ಹಾಡುವ ಮೇಳ, ತಾಳ, ಅದರ ಜೊತೆಗೆ ಮುಂದಿನ ದಿನಗಳಲ್ಲಿ ಸೇರಿಕೊಂಡ ಹಾರ್ಮೋನಿಯಂ ಮತ್ತು ತಬಲಾ, ಇಷ್ಟಿದ್ದರೆ ರಾತ್ರಿಯಿಡೀ ಆಟ ನಡೆಯುತ್ತದೆ. ಸುಗ್ಗಿ ಮುಗಿದ ಮೇಲೆ ಗುಡಿಯಲ್ಲಿಯೋ ಮಠದಲ್ಲಿಯೋ ತಾಲೀಮು ಸುರುವಾಗುತ್ತದೆ. ಕಲಿಸುವ ಮಾಸ್ತರನ ಕೈಯಲ್ಲಿ ಒಂದು ಹಳೆಯ ವಹಿ. ಆ ವಹಿಯಲ್ಲಿ ಮುಖ್ಯವಾಗಿ ಇರುವುದು ಹಾಡುಗಳು. ಹಾಡಿನ ನಡುವಿನ ಮಾತು ಬಹುಮಟ್ಟಿಗೆ ನಟರಿಗೆ ಬಿಟ್ಟದ್ದು. ನಗೆ ಹೆಚ್ಚಾಗಿ ಹುಟ್ಟುವುದು ಈ ಮಾತಿನಲ್ಲಿ. ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಸಣ್ಣಾಟಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ಸಂಗ್ಯಾ ಬಾಳ್ಯಾ’. ಅದು ಬೈಲಹೊಂಗಲದ್ದೇ ಕಥೆ; ಇಲ್ಲಿ ನಿಜವಾಗಿ ನಡೆದ ಘಟನೆಯೊಂದರಿಂದ ಹುಟ್ಟಿದ್ದು ಎಂಬುದು ಬಹುಕಾಲದ ನಂಬಿಕೆ. ಇದನ್ನು ಕಟ್ಟಿದವರು ಪತ್ತಾರ ಮಾಸ್ತರ ಎಂದು ಪರಂಪರೆ ಹೇಳುತ್ತದೆ. ಸಂಗ್ಯಾ ಸಿರಿವಂತ ತರುಣ, ಬಾಳ್ಯಾ ಅವನ ಜೀವದ ಗೆಳೆಯ. ಮದುವೆಯಾದ ಗಂಗಾಳ ಮೇಲೆ ಸಂಗ್ಯಾನ ಮನಸ್ಸು ಹೋಗುತ್ತದೆ. ಪಾರಮ್ಮನೆಂಬ ಮುದುಕಿ ನಡುವೆ ಓಡಾಡುತ್ತಾಳೆ. ಕೊನೆಗೆ ಗೆಳೆಯನೇ ದ್ರೋಹ ಮಾಡಿ ಸಂಗ್ಯಾ ಕೊಲೆಯಾಗುತ್ತಾನೆ. ಕಥೆಯ ಕೊನೆ ರಕ್ತದ್ದು. ಆದರೂ ನಡುರಾತ್ರಿಯವರೆಗೆ ಜನ ಹೊಟ್ಟೆ ಹಿಡಿದು ನಗುತ್ತಾರೆ. ಪಾರಮ್ಮನ ಪಾತ್ರಧಾರಿ ಆ ಊರಿನ ಅಂದಿನ ಸುದ್ದಿಯನ್ನು ಮಾತಿನಲ್ಲಿ ಸೇರಿಸಿಬಿಡುತ್ತಾನೆ. ಸವದತ್ತಿಯಲ್ಲಿ ಆಡಿದ ಮಾತು ರಾಮದುರ್ಗದಲ್ಲಿ ಬೇರೆಯಾಗುತ್ತದೆ.

ಇದೇ ಸೀಮೆಯ ಅಂಚಿನಲ್ಲಿ, ರಾಮದುರ್ಗದ ಆಚೆ ಬಾಗಲಕೋಟೆಯಲ್ಲಿ, ಇನ್ನೊಬ್ಬ ಹವ್ಯಾಸಿ ಇದ್ದರು. ಅವರು ಕೆರೂರ ವಾಸುದೇವಾಚಾರ್ಯರು (1866-1921). ಕಸುಬು ವಕೀಲಿ. ಕೋರ್ಟಿನ ಕಾಗದಗಳ ನಡುವೆ ಅವರು ಕಾದಂಬರಿ, ಸಣ್ಣಕಥೆ, ನಾಟಕ ಬರೆದರು. 1908ರ ‘ಇಂದಿರೆ’ ಕನ್ನಡದ ಮೊದಮೊದಲ ಸಾಮಾಜಿಕ ಕಾದಂಬರಿಗಳಲ್ಲಿ ಒಂದು. 1887ರಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿದ ಷರ್ಲಾಕ್ ಹೋಮ್ಸನ ಪತ್ತೇದಾರಿ ಕಥೆಗಳನ್ನು ಕನ್ನಡಕ್ಕೆ ತಂದವರಲ್ಲಿ ಅವರು ಮೊದಲಿಗರ ಪೈಕಿ. ಗೋಲ್ಡ್‌ಸ್ಮಿತ್ 1773ರಲ್ಲಿ ಲಂಡನ್ನಿನ ರಂಗಕ್ಕೆ ತಂದ ಹಾಸ್ಯ ನಾಟಕ ಅವರ ಕೈಯಲ್ಲಿ ‘ವಶೀಕರಣ’ವಾಯಿತು. ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕ ‘ಸುರತ ನಗರದ ಶ್ರೇಷ್ಠಿ’ಯಾದ. ಬಾಗಲಕೋಟೆಯಲ್ಲಿ ಹವ್ಯಾಸಿಗಳ ‘ವಾಸುದೇವ ವಿನೋದಿನಿ’ ನಾಟ್ಯಸಭೆ ಅವರ ಹೆಸರನ್ನೇ ಹೊತ್ತು ನಿಂತಿತು. ‘ಶುಭೋದಯ’, ‘ಸಚಿತ್ರ ಭಾರತ’ ಪತ್ರಿಕೆಗಳನ್ನೂ ಅವರು ನಡೆಸಿದರು.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಬೈಲಹೊಂಗಲ, ಕಿತ್ತೂರುಗಳು ಮುಂಬಯಿ ಇಲಾಖೆಗೆ ಸೇರಿದ್ದವು. ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಕಚೇರಿಯಲ್ಲಿಯೂ ಪೇಟೆಯ ರಂಗಭೂಮಿಯಲ್ಲಿಯೂ ಮರಾಠಿಯದೇ ಮೇಲುಗೈ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಅಂಥ ದಿನಗಳಲ್ಲಿ ಜನರನ್ನು ಕನ್ನಡದಲ್ಲಿ ನಗಿಸುವುದು, ಕೊಲೆಗಾರನ್ಯಾರು ಎಂದು ಕನ್ನಡದಲ್ಲಿಯೇ ಯೋಚಿಸಹಚ್ಚುವುದು ಸಣ್ಣ ಕೆಲಸವಾಗಿರಲಿಲ್ಲ. ಗಂಭೀರ ಗ್ರಂಥ ಓದದವನೂ ಪತ್ತೇದಾರಿ ಕಥೆಗಾಗಿ ಪತ್ರಿಕೆ ಹಿಡಿಯುತ್ತಾನೆ. ಅಕ್ಷರ ಬಾರದವನೂ ಸಣ್ಣಾಟಕ್ಕೆ ಕಂಬಳಿ ಹೊತ್ತು ಬಂದು ಕೂಡುತ್ತಾನೆ.

ವಕೀಲರು ಮತ್ತು ಮಾಸ್ತರರು, ಇಬ್ಬರೂ ಹವ್ಯಾಸಿಗಳೇ. ಆದರೆ ಇಬ್ಬರ ಬರಹಕ್ಕೂ ಒದಗಿದ ಗತಿ ಬೇರೆ ಬೇರೆ. ವಾಸುದೇವಾಚಾರ್ಯರದು ಅಚ್ಚಾಯಿತು, ಅದರ ಮೇಲೆ ಅವರ ಹೆಸರು ನಿಂತಿತು. ಇಂದು ಸಾಹಿತ್ಯದ ವಿದ್ಯಾರ್ಥಿಗಳ ಹೊರಗೆ ಅದನ್ನು ಓದುವವರು ಕಡಿಮೆ. ಪತ್ತಾರ ಮಾಸ್ತರರದು ವಹಿಯಿಂದ ವಹಿಗೆ, ಬಾಯಿಂದ ಬಾಯಿಗೆ ದಾಟಿತು. ಒಂದೂರಿನ ಮಾಸ್ತರ ಇನ್ನೊಂದೂರಿನವನಿಗೆ ಹಾಡು ಕೊಟ್ಟ, ಅವನು ನಾಲ್ಕು ನುಡಿ ಸೇರಿಸಿದ, ಎರಡು ಬಿಟ್ಟ. ಚಂದ್ರಶೇಖರ ಕಂಬಾರರು ಆ ಆಟವನ್ನು ಸಂಪಾದಿಸಿ ಅಚ್ಚಿಗೆ ತಂದರು, ತಮ್ಮದೊಂದು ನಾಟಕಕ್ಕೂ ಅದನ್ನು ಆಧಾರವಾಗಿಸಿಕೊಂಡರು. 1992ರಲ್ಲಿ ಅದು ಚಲನಚಿತ್ರವೂ ಆಯಿತು. ಸಂಗ್ಯಾ ಬಾಳ್ಯಾ ಯಾರೆಂದು ಕನ್ನಡ ನಾಡಿಗೆಲ್ಲ ಗೊತ್ತು. ಪತ್ತಾರ ಮಾಸ್ತರರ ಹೆಸರು ಮಾತ್ರ ಕೆಲವರಿಗಷ್ಟೇ ಗೊತ್ತು.

ಹಾಗಾದರೆ ಹಂಚಿಕೊಂಡವನು ಕಳೆದುಕೊಂಡನೆ? ಹೆಸರಿನ ಲೆಕ್ಕದಲ್ಲಿ ಹೌದು. ಕೃತಿಯ ಲೆಕ್ಕದಲ್ಲಿ ಅಷ್ಟು ಸುಲಭವಾಗಿ ಹಾಗೆನ್ನಲು ಬರುವುದಿಲ್ಲ. ಗೆಳೆಯರ ಕೈಗೆ ಕೊಟ್ಟ ಕಥೆಯನ್ನು ಗೆಳೆಯರು ತಿದ್ದುತ್ತಾರೆ. ಪ್ರತಿ ರಾತ್ರಿ ಪ್ರೇಕ್ಷಕರೆದುರು ಪರೀಕ್ಷೆಯಾದ ಹಾಡು ಸಾಣೆ ಹಿಡಿದ ಕತ್ತಿಯಂತೆ ಹರಿತವಾಗುತ್ತದೆ. ಒಬ್ಬನೇ ಕುಳಿತು ಬರೆದದ್ದಕ್ಕೆ ಆ ಲಾಭವಿಲ್ಲ. ವಾಸುದೇವಾಚಾರ್ಯರಿಗೂ ನಾಟ್ಯಸಭೆಯ ಗೆಳೆಯರು ಇದ್ದದ್ದರಿಂದಲೇ ಅವರ ನಾಟಕಗಳು ಪುಸ್ತಕದಿಂದ ಇಳಿದು ರಂಗದ ಮೇಲೆ ನಡೆದಾಡಿದವು.

ಇಲ್ಲಿ ಎರಡು ಕಾಳಜಿಗಳನ್ನು ಮರೆಯುವಂತಿಲ್ಲ. ಮೊದಲನೆಯದು, ನಗೆಯ ಗುರಿ ಯಾರು ಎಂಬುದು. ನಡೆದ ಘಟನೆ, ನಿಜವಾದ ಊರು, ಗುರುತು ಹಿಡಿಯಬಹುದಾದ ಜನ ಇರುವ ಕಥೆಯಲ್ಲಿ ತಮಾಷೆ ಸುಲಭವಾಗಿ ಗಾಯ ಮಾಡುತ್ತದೆ. ಗಂಗಾಳ ವಿಷಯದಲ್ಲಂತೂ ಅಗ್ಗದ ಮಾತಿಗೆ ಚಪ್ಪಾಳೆ ಬೇಗ ಬೀಳುತ್ತದೆ. ಒಳ್ಳೆಯ ಮೇಳ ಅವಳ ಮೇಲೆ ನಗುವುದಿಲ್ಲ. ಅವಳ ಸುತ್ತಲಿನ ಸೋಗು, ದುಡ್ಡಿನ ದರ್ಪ, ಗೆಳೆತನದ ಸುಳ್ಳು ಇವುಗಳ ಮೇಲೆ ನಗುತ್ತದೆ. ಹಾಗೆ ನಕ್ಕ ಪ್ರೇಕ್ಷಕನಿಗೆ ಕೊನೆಯ ಕೊಲೆ ಎದೆಗೆ ತಾಗುತ್ತದೆ.

ಎರಡನೆಯದು, ಉಳಿಸಿಕೊಳ್ಳುವ ಕಾಳಜಿ. ಅಚ್ಚಿನಲ್ಲಿ ಹಾಡು ಉಳಿಯಿತು, ಆ ಹೊತ್ತಿಗೆ ಹುಟ್ಟಿದ ಮಾತು ಉಳಿಯಲಿಲ್ಲ. ಆ ಮಾತು ಬಲ್ಲ ಹಿರಿಯ ನಟರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ವೃತ್ತಿರಂಗಭೂಮಿಯಲ್ಲಿ ಬೆಳಗಿದ ಏಣಗಿ ಬಾಳಪ್ಪನವರು ನೂರು ದಾಟಿ 2017ರಲ್ಲಿ ತೀರಿಕೊಂಡರು. ಅವರ ಬದುಕು ದಾಖಲಾಯಿತು. ಹಳ್ಳಿಹಳ್ಳಿಯಲ್ಲಿ ಪಾರಮ್ಮನ ಸೀರೆಯುಟ್ಟು ನಗಿಸಿದವರ ಮಾತನ್ನು ಹಾಗೆ ದಾಖಲಿಸಿದ್ದು ಕಡಿಮೆ. ಇಂದು ಧ್ವನಿ ಹಿಡಿದಿಡುವ ಯಂತ್ರ ಎಲ್ಲರ ಕಿಸೆಯಲ್ಲಿಯೂ ಇದೆ. ಸುಗ್ಗಿಯ ನಂತರದ ಒಂದು ತಾಲೀಮಿಗೆ ಹೋಗಿ ಕುಳಿತು, ಮಾಸ್ತರನ ವಹಿಯನ್ನೂ ನಟನ ಬಾಯಿಮಾತನ್ನೂ ಕೂಡಿಯೇ ಹಿಡಿದಿಟ್ಟುಕೊಳ್ಳುವುದು ಆಗದ ಕೆಲಸವಲ್ಲ.

ಈ ಸೀಮೆಯಲ್ಲಿ ಈಗಲೂ ಹಗಲು ಕೆಲಸ ಮಾಡಿ ರಾತ್ರಿ ಬರೆಯುವವರು ಇದ್ದೇ ಇದ್ದಾರೆ. ಅವರು ಬರೆದ ನಗೆಗಥೆ, ಪತ್ತೇದಾರಿ ಕಥೆ ದೊಡ್ಡ ಸಾಹಿತ್ಯವಾಗುವುದೋ ಇಲ್ಲವೋ ಕಾಲ ಹೇಳಲಿ. ಬರೆದದ್ದನ್ನು ಮೊದಲು ನಾಲ್ವರು ಗೆಳೆಯರ ಮುಂದೆ ಓದಲಿ. ಆ ನಾಲ್ವರೂ ಮುಲಾಜಿಲ್ಲದೆ ಕೇಳಲಿ, ನಗು ಬಂದಲ್ಲಿ ನಗಲಿ, ಬಾರದಲ್ಲಿ ಹೇಳಲಿ. ವಹಿಯ ಮೊದಲ ಪುಟದಲ್ಲಿ ಬರೆದವನ ಹೆಸರನ್ನು ಮಾತ್ರ ಮರೆಯದೆ ಬರೆದಿಡಲಿ. ಪತ್ತಾರ ಮಾಸ್ತರರಿಗೆ ತೀರಿಸಬೇಕಾದ ಋಣ ಅದರಿಂದ ಸ್ವಲ್ಪವಾದರೂ ತೀರೀತು.