ಮಳೆ ಅಳೆದ ದಿನಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

ನಾನು ಈ ಶಾಲೆಯ 2004ರ ಬ್ಯಾಚಿನವನು. ‘ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳಿ’ ಎಂದು ಸಮಿತಿಯವರು ಕೇಳಿಕೊಂಡರು. ದೊಡ್ಡ ವಿಜ್ಞಾನದ ಬಗ್ಗೆ ಹೇಳುವಷ್ಟು ದೊಡ್ಡವನು ನಾನಲ್ಲ. ಬಿ.ಎಸ್ಸಿ. ಓದುವಾಗ ನಾವು ಏಳೆಂಟು ಜನ ಸೇರಿ ಒಂದು ಕ್ಲಬ್ ನಡೆಸಿದೆವು. ಅದರ ಕಥೆ ಹೇಳುತ್ತೇನೆ. ಯಾವ ಕಾಲೇಜು ಎಂದು ಮಾತ್ರ ಹೇಳುವುದಿಲ್ಲ, ಏಕೆಂದರೆ ಕಥೆಯಲ್ಲಿ ಒಂದು ತಪ್ಪು ಬರುತ್ತದೆ. ಆ ತಪ್ಪು ನನ್ನದು, ಕಾಲೇಜಿನದಲ್ಲ.

ಆಗ ಬಿ.ಎಸ್ಸಿ. ಪ್ರಾಕ್ಟಿಕಲ್ ಎಂದರೆ ಏನಿತ್ತು ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಉತ್ತರ ಮೊದಲೇ ರೆಕಾರ್ಡ್ ಪುಸ್ತಕದಲ್ಲಿರುತ್ತಿತ್ತು. ಸೀನಿಯರ್ ರೆಕಾರ್ಡ್ ನೋಡಿಕೊಂಡು ಅದೇ ಉತ್ತರ ಬರುವ ಹಾಗೆ ಅಂಕಿ ಹೊಂದಿಸುತ್ತಿದ್ದೆವು. ಮೇಷ್ಟ್ರಿಗೂ ಅದು ಗೊತ್ತಿತ್ತು. ಮೂರು ವರ್ಷದಲ್ಲಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನೂ ಯಾರೂ ನಮ್ಮ ಕೈಗೆ ಕೊಟ್ಟಿರಲಿಲ್ಲ. ಸಂಶೋಧನೆ ಎಂದರೆ ಬೆಂಗಳೂರಿನಲ್ಲಿ ನಡೆಯುವ ಏನೋ ಒಂದು ಎಂದುಕೊಂಡಿದ್ದೆವು.

ಬೆಂಗಳೂರಿನಲ್ಲಿ ನಡೆಯುತ್ತಿದ್ದದ್ದೂ ನಿಜವೇ. ಡಾ. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲೇ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದರು. ಪ್ರತಿ ಬುಧವಾರ ಸಂಜೆ ಯಾರಾದರೊಬ್ಬ ವಿಜ್ಞಾನಿಯ ಉಪನ್ಯಾಸ. ಯಾರು ಬೇಕಾದರೂ ಹೋಗಿ ಕೂರಬಹುದು. ಕುಲಪತಿಯಾಗಿ ಬಂದ ಮೇಲೂ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದ ಮನುಷ್ಯ ಅವರು. ನಾನು ಒಮ್ಮೆ ರಾತ್ರಿ ಬಸ್ಸಿನಲ್ಲಿ ಹೋಗಿ ಒಂದು ಬುಧವಾರ ಅಲ್ಲಿ ಕೂತು ಬಂದಿದ್ದೇನೆ. ಭಾಷಣದ ಅರ್ಧ ಅರ್ಥವಾಗಲಿಲ್ಲ. ಆದರೆ ಕೊನೆಗೆ ಬಿಳಿ ಪಂಚೆ ಉಟ್ಟ ಅಜ್ಜರೊಬ್ಬರು ಎದ್ದು ನಿಂತು ವಿಜ್ಞಾನಿಗೆ ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದರು. ಆ ಪ್ರಶ್ನೆ ಊರಿಗೆ ಬರುವತನಕ ತಲೆಯಲ್ಲೇ ಇತ್ತು.

ನಮ್ಮ ವಾರಿಗೆಯ ಹುಡುಗರೇ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದ್ದರು. ಕರ್ನಾಟಕ ಮತ್ತು ಆಂಧ್ರದ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲಿ ಹಾರಿತು. ತೂಕ ಒಂದು ಕಿಲೋಗೂ ಕಡಿಮೆ. ಪೇಪರಿನಲ್ಲಿ ಆ ಚಿತ್ರ ನೋಡಿದಾಗ ನಮಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕೂ ಮುಂಚೆ, ಒಂದು ಮಳೆಗಾಲದಲ್ಲಿ, ನಾವು ಒಂದು ಬಾಟಲಿ ಕತ್ತರಿಸಿದ್ದೆವು.

ನಮ್ಮ ಪ್ರಶ್ನೆ ಇಷ್ಟೇ: ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಹೊಯ್ಯುತ್ತದೆ. ನೂರು ಕಿಲೋಮೀಟರಿಗೂ ಕಡಿಮೆ ದೂರದ ಶಿವಮೊಗ್ಗದಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾದರೆ ನಡುವೆ ಮಳೆ ಎಲ್ಲಿ ಕಡಿಮೆಯಾಗುತ್ತದೆ? ಸ್ವಲ್ಪ ಸ್ವಲ್ಪವೇ ಇಳಿಯುತ್ತದೆಯೋ, ಎಲ್ಲೋ ಒಂದು ಕಡೆ ಧಡಕ್ಕನೆ ಬೀಳುತ್ತದೆಯೋ? ದೊಡ್ಡವರಿಗೆ ಇದು ಗೊತ್ತಿದ್ದಿರಬಹುದು, ನಮಗೆ ಗೊತ್ತಿರಲಿಲ್ಲ. ನಮ್ಮಲ್ಲಿ ತೀರ್ಥಹಳ್ಳಿಯಿಂದ ಬರುವವನಿದ್ದ, ಮಂಡಗದ್ದೆ ಕಡೆಯವನಿದ್ದ, ಗಾಜನೂರಿನವಳಿದ್ದಳು, ಭದ್ರಾವತಿಯಿಂದ ದಿನಾ ರೈಲಿಗೆ ಬರುವವಳಿದ್ದಳು, ವಿದ್ಯಾನಗರದಲ್ಲಿ ನಾನಿದ್ದೆ. ದೇವರೇ ನಮ್ಮನ್ನು ಸಾಲಾಗಿ ನಿಲ್ಲಿಸಿದ ಹಾಗಿತ್ತು.

ಮಳೆಮಾಪಕ ಕೊಳ್ಳಲು ಹಣವಿರಲಿಲ್ಲ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಲಾಳಿಕೆಯ ಹಾಗೆ ಒಳಗೆ ಕೂರಿಸಿದೆವು. ಬಾಯಿಯ ಅಗಲ 10 ಸೆಂಟಿಮೀಟರ್ ಇದ್ದರೆ ಅದರ ಕ್ಷೇತ್ರಫಲ 78.5 ಚದರ ಸೆಂಟಿಮೀಟರ್. ಅಂದರೆ 10 ಮಿಲಿಮೀಟರ್ ಮಳೆ ಬಿದ್ದರೆ ಬಾಟಲಿಯಲ್ಲಿ 78.5 ಮಿಲಿಲೀಟರ್ ನೀರು. ಇದು ಎಂಟನೇ ಕ್ಲಾಸಿನ ಲೆಕ್ಕ. ಇದೇ ಕಟ್ಟಡದಲ್ಲಿ ಕಲಿತದ್ದು. ಇಡೀ ದೇಶದಲ್ಲಿ ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಾರೆ. ನಾವೂ ಅದೇ ಹೊತ್ತಿಗೆ ಅಳೆಯುವುದೆಂದು ಮಾಡಿಕೊಂಡೆವು. ಶನಿವಾರ ಮಧ್ಯಾಹ್ನ ಕಾಲೇಜಿನ ಖಾಲಿ ಕೊಠಡಿಯಲ್ಲಿ ಎಲ್ಲರ ಅಂಕಿಯನ್ನೂ ಒಂದು ದಪ್ಪ ರಿಜಿಸ್ಟರಿಗೆ ಇಳಿಸುತ್ತಿದ್ದೆವು. ಕಾರ್ಯದರ್ಶಿ ನಾನೇ. ಅಂತಿಮ ವರ್ಷದವನು, ಜೊತೆಗೆ ಕೈಬರಹ ಚೆನ್ನಾಗಿತ್ತು.

ಮಂಡಗದ್ದೆ ಕಡೆಯ ಹುಡುಗ ಹಾಸ್ಟೆಲಿನಲ್ಲಿದ್ದ. ಆದ್ದರಿಂದ ಅವನ ಮನೆಯ ಬಾಟಲಿಯನ್ನು ಅವನ ಅಮ್ಮನೇ ನೋಡುತ್ತಿದ್ದರು. ಮೊದಲ ವಾರ ಅವರ ಹತ್ತಿರ ಇದ್ದದ್ದು ಕೆಮ್ಮಿನ ಔಷಧಿಯ ಮುಚ್ಚಳ ಮಾತ್ರ, 10 ಮಿಲಿಲೀಟರಿನದು. ಪುನರ್ವಸು ಮಳೆ ಹಿಡಿದ ಮೇಲೆ ದಿನಾ ಮೂವತ್ತು ನಲವತ್ತು ಮುಚ್ಚಳ ಸುರಿದು ಎಣಿಸಿದ್ದಾರೆ ಆ ತಾಯಿ! ಆಮೇಲೆ ಮಗ ಮಕ್ಕಳ ಹಾಲಿನ ಬಾಟಲಿ ಒಯ್ದು ಕೊಟ್ಟ. ಅದರ ಮೇಲೂ ಗೀಟುಗಳಿರುತ್ತವಲ್ಲ. ಅವರು ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತಿದ್ದರು. ತಿಂಗಳ ಕೊನೆಗೆ ಆ ಹಾಳೆಯನ್ನೇ ಹರಿದು ಕಳಿಸುತ್ತಿದ್ದರು. ಒಂದು ದಿನದ ಮನೆಯಲ್ಲಿ ಅಂಕಿ ಇರಲಿಲ್ಲ. ‘ಕರು ಬೀಳಿಸಿತು’ ಎಂದು ಬರೆದಿದ್ದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನೂ ನಕ್ಕೆ.

ಜುಲೈ ಕೊನೆಯಲ್ಲಿ ನನಗೆ ಒಂದು ಮದುವೆಯ ಓಡಾಟ ಬಂತು. ಏಳು ದಿನ ಬಾಟಲಿಯ ಹತ್ತಿರ ಹೋಗಲೇ ಇಲ್ಲ. ಆ ವಾರವೇ ಮಳೆ ಜೋರಾಗಿ ಹಿಡಿಯಿತು, ತುಂಗೆ ಕೆಂಪಾಗಿ ಹರಿದಳು. ಶನಿವಾರ ಬೆಳಿಗ್ಗೆ ರಿಜಿಸ್ಟರ್ ಮುಂದೆ ಕೂತು ‘ಹೆಚ್ಚು ಕಡಿಮೆ ಇಷ್ಟು ಬಿದ್ದಿರಬಹುದು’ ಎಂದು ಏಳು ಅಂಕಿ ಬರೆದುಬಿಟ್ಟೆ. 150, 220, 300, ಹೀಗೆ. ಬರೆಯುವಾಗ ಕೈ ನಡುಗಲಿಲ್ಲ. ಮೂರು ವರ್ಷ ರೆಕಾರ್ಡ್ ಪುಸ್ತಕದಲ್ಲಿ ಮಾಡಿದ್ದು ಅದನ್ನೇ ಅಲ್ಲವೇ?

ಕಂಡುಹಿಡಿದವಳು ಮೊದಲ ವರ್ಷದ ಹುಡುಗಿ, ಭದ್ರಾವತಿಯವಳು. ಅವಳ ತಂದೆ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದರು. ಮಾತು ಕಡಿಮೆ. ನಕ್ಷೆ ಎಳೆಯಲು ರಿಜಿಸ್ಟರ್ ಮನೆಗೆ ಒಯ್ದಿದ್ದಳು. ಮುಂದಿನ ಶನಿವಾರ ಎಲ್ಲರ ಮುಂದೆಯೇ ಕೇಳಿದಳು: “ಅಣ್ಣಾ, ಎಲ್ಲರ ಅಂಕಿ 37, 214, 86 ಅಂತ ಹೇಗೆ ಬೇಕೋ ಹಾಗೆ ಇವೆ. ನಿಮ್ಮದು ಈ ಒಂದು ವಾರ ಮಾತ್ರ ಏಳಕ್ಕೆ ಏಳೂ ಸೊನ್ನೆಯಲ್ಲೇ ಮುಗಿದಿದೆ, ಯಾಕೆ?”

ನಾನು “ಹತ್ತಿರದ ಹತ್ತಕ್ಕೆ ಸರಿಮಾಡಿ ಬರೆದೆ” ಎಂದೆ. ಎರಡನೇ ಸುಳ್ಳು. ಅವಳು “ಹೌದಾ” ಎಂದು ಸುಮ್ಮನಾದಳು. ಲೆಕ್ಕ ಬಲ್ಲವರಿಗೆ ಹೇಳುತ್ತೇನೆ: ಕೊನೆಯ ಅಂಕೆ ಸೊನ್ನೆಯಿಂದ ಒಂಬತ್ತರವರೆಗೆ ಯಾವುದು ಬೇಕಾದರೂ ಸಮಸಮವಾಗಿ ಬರಬಹುದು ಎಂದುಕೊಂಡರೆ, ಏಳೂ ದಿನ ಸೊನ್ನೆಯೇ ಬರುವ ಸಂಭವ ಕೋಟಿಯಲ್ಲಿ ಒಂದು. ಅವಳಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಆ ವಾರ ನನ್ನ ಕಣ್ಣ ಮುಂದೆ ಇದ್ದದ್ದು ಕ್ಯಾಲೆಂಡರಿನ ‘ಕರು ಬೀಳಿಸಿತು’ ಎಂಬ ಎರಡು ಪದ. ಮುಂದಿನ ಶನಿವಾರ ಒಪ್ಪಿಕೊಂಡೆ. ಯಾರೂ ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಅಂಕಿಗಳನ್ನು ಅಳಿಸಲಿಲ್ಲ. ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅಳೆದಿಲ್ಲ’ ಎಂದು ಏಳು ಸಲ ನನ್ನ ಕೈಯಲ್ಲೇ ಬರೆದೆ.

ಅದರ ನಷ್ಟ ಸಣ್ಣದಾಗಿರಲಿಲ್ಲ. ಇಡೀ ಮಳೆಗಾಲದಲ್ಲಿ ಅತಿ ಹೆಚ್ಚು ಮಳೆ ಬಿದ್ದ ವಾರದಲ್ಲೇ ನಮ್ಮ ನಕ್ಷೆಗೆ ತೂತು ಬಿತ್ತು. ಆ ತೂತಿನ ಸಮೇತ ಒಂದು ವಿದ್ಯಾರ್ಥಿ ಸಮ್ಮೇಳನಕ್ಕೆ ಪೋಸ್ಟರ್ ಒಯ್ದೆವು. ಬಹುಮಾನ ಬರಲಿಲ್ಲ. ಆದರೆ ಪೋಸ್ಟರ್ ನೋಡಲು ಬಂದ ಪ್ರಾಧ್ಯಾಪಕರೊಬ್ಬರು ಬೆರಳಿಟ್ಟದ್ದು ಆ ಖಾಲಿ ಜಾಗಕ್ಕೇ. ಆ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ನನ್ನ ಹೆಸರೊಂದನ್ನು ಬಿಟ್ಟು. ಅವರು ಬಹಳ ಹೊತ್ತು ಅವಳ ಜೊತೆ ಮಾತಾಡಿದರು. ವಿಜ್ಞಾನ ಅಕಾಡೆಮಿಗಳು ಬೇಸಿಗೆಯಲ್ಲಿ ಕಾಲೇಜು ಹುಡುಗರನ್ನು ಎರಡು ತಿಂಗಳು ಸಂಶೋಧಕರ ಹತ್ತಿರ ಕಳಿಸುವ ಫೆಲೋಶಿಪ್ ಇದೆ, ರೈಲಿನ ಖರ್ಚೂ ಕೊಡುತ್ತಾರೆ, ಅರ್ಜಿ ಹಾಕು ಎಂದರು. ಅಂಥದ್ದೊಂದು ಇದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳು ಹಾಕಿದಳು, ಹೋದಳು. ಆಕೆ ಈಗಲೂ ಮಳೆಯ ಲೆಕ್ಕದ ಕೆಲಸದಲ್ಲೇ ಇದ್ದಾರೆ. ನಿನ್ನೆ ಫೋನ್ ಮಾಡಿ ಈ ಕಥೆ ಹೇಳಲೇ ಎಂದು ಕೇಳಿದೆ. “ನನ್ನ ಹೆಸರು ಬೇಡ ಅಣ್ಣ, ನಿಮ್ಮದು ನಿಮ್ಮಿಷ್ಟ” ಎಂದರು.

ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದರೆ, ಪೂರ್ತಿ ಇಲ್ಲ. ತೀರ್ಥಹಳ್ಳಿಯಿಂದ ಇತ್ತ ಬಂದಂತೆ ಇಳಿಯುವುದು ಕಂಡಿತು. ಎಲ್ಲಿ ಹೆಚ್ಚು ಇಳಿಯುತ್ತದೆ ಎಂದು ಹೇಳಲು ಒಂದು ಮಳೆಗಾಲ ಸಾಲದು, ಐದು ಬಾಟಲಿಯೂ ಸಾಲದು. ಇನ್ನೂ ನಾಲ್ಕೈದು ವರ್ಷ ಅಳೆಯಬೇಕಿತ್ತು. ಆದರೆ ನಾವು ಪಾಸಾಗಿ ಹೋದ ಎರಡನೇ ವರ್ಷಕ್ಕೆ ಕ್ಲಬ್ ನಿಂತುಹೋಯಿತು. ಆಗ ‘ಹೊಸ ಹುಡುಗರಿಗೆ ಆಸಕ್ತಿ ಇಲ್ಲ’ ಎಂದು ನಾವೆಲ್ಲ ದೂರಿದೆವು. ಈಗ ಯೋಚಿಸಿದರೆ ತಪ್ಪು ನಮ್ಮದೇ. ರಿಜಿಸ್ಟರ್, ಕೊಠಡಿಯ ಕೀಲಿಕೈ, ಮೇಷ್ಟ್ರ ಪರಿಚಯ, ಎಲ್ಲವನ್ನೂ ಅಂತಿಮ ವರ್ಷದವರೇ ಇಟ್ಟುಕೊಂಡಿದ್ದೆವು. ಹೋಗುವ ದಿನ ಕೈಗಿತ್ತು ಹೋದರೆ ಯಾರು ತಾನೇ ನಡೆಸುತ್ತಾರೆ?

ವಿದ್ಯಾರ್ಥಿಗಳೇ ನಡೆಸುವ ಸಂಘಕ್ಕೆ ಮೂರು ವರ್ಷದ ಆಯಸ್ಸಿರುತ್ತದೆ. ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಿ ಗಿಡಮರ, ಹಕ್ಕಿಗಳನ್ನು ದಾಖಲಿಸುವ ಜಾಲವೊಂದನ್ನು ಕಟ್ಟಿದ್ದರು. ವಿದ್ಯಾರ್ಥಿಗಳ ಶಕ್ತಿಯಿಂದಲೇ ದೇಶದ ಜೀವಸಂಪತ್ತಿನ ಮೇಲೆ ಕಣ್ಣಿಡಬಹುದು ಎಂದು 1996ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ನಾನು ಅದನ್ನು ಓದಿದ್ದು ತಡವಾಗಿ. ಓದಿದಾಗ ಮೊದಲು ಹೊಳೆದದ್ದು, ಅಂಥ ಜಾಲದಲ್ಲಿ ಹುಡುಗರು ಬದಲಾಗುತ್ತಿದ್ದರೂ ಅಧ್ಯಾಪಕರು ಉಳಿಯುತ್ತಾರೆ ಎಂಬುದು. ನಾವೋ ಮೇಷ್ಟ್ರನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ನಮ್ಮದೇ ಕ್ಲಬ್ ಎಂಬ ಜಂಬ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಪ್ರೌಢಶಾಲೆಗೂ ಮೂರೇ ವರ್ಷ: ಎಂಟು, ಒಂಬತ್ತು, ಹತ್ತು. ಹತ್ತನೆಯವರಿಗೆ ಎಸ್ಸೆಸ್ಸೆಲ್ಸಿ ಭಯ, ಅವರನ್ನು ಬಿಟ್ಟುಬಿಡಿ. ರಿಜಿಸ್ಟರ್ ಒಂಬತ್ತನೆಯವರ ಕೈಯಲ್ಲಿರಲಿ, ಎಂಟನೆಯವರು ಪಕ್ಕದಲ್ಲಿ ನಿಂತು ನೋಡಲಿ. ವಿಜ್ಞಾನದ ಮೇಡಂ ಅಂಕಿ ತಿದ್ದುವುದು ಬೇಡ, ವಾರಕ್ಕೊಮ್ಮೆ ಸಹಿ ಹಾಕಿದರೆ ಸಾಕು. ಇಲ್ಲಿಂದ ಪಾಸಾಗಿ ಈಗ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲೋ ಬೇರೆಡೆಯೋ ಬಿ.ಎಸ್ಸಿ. ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಇಲ್ಲಿ ಕೂತಿದ್ದಾರೆ. ತಿಂಗಳಿಗೊಂದು ಶನಿವಾರ ಅವರು ಬಂದು ನಕ್ಷೆ ಎಳೆಯುವುದನ್ನು ಹೇಳಿಕೊಡಲಿ. ಅವರಿಗೂ ಒಂದು ನಿಜವಾದ ಕೆಲಸ ಸಿಕ್ಕ ಹಾಗಾಯಿತು. ಹಳ್ಳಿಗಳಿಂದ ಬರುವ ಮಕ್ಕಳ ತಂದೆ ತಾಯಿಗಳಲ್ಲೂ ಒಂದು ವಿನಂತಿ. ಮಗು ಅಂಗಳದಲ್ಲಿ ಬಾಟಲಿ ಹೂತರೆ ಕಿತ್ತು ಎಸೆಯಬೇಡಿ. ಪುಷ್ಯದ ಮಳೆ ಹೋದ ವರ್ಷಕ್ಕಿಂತ ಕಡಿಮೆ ಎಂದು ನೀವು ಜಗಲಿಯ ಮೇಲೆ ಹೇಳುತ್ತೀರಲ್ಲ, ಅದು ಸರಿಯೋ ಅಲ್ಲವೋ ನೋಡಿಬಿಡೋಣ.

ನಮ್ಮ ಬ್ಯಾಚಿನವರು ಸೇರಿ ಒಂದು ಸರಿಯಾದ ಮಳೆಮಾಪಕ ತಂದಿದ್ದೇವೆ. ಜೊತೆಗೆ ಆ ಹಳೆಯ ರಿಜಿಸ್ಟರನ್ನೂ ತಂದಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇವೆ. ಕೆಂಪು ಶಾಯಿಯ ಪುಟವೂ ಹಾಗೇ ಇದೆ, ಮಕ್ಕಳು ನೋಡಬಹುದು. ಮಾಪಕವನ್ನು ಮರದಿಂದ ಅದರ ಎತ್ತರದ ಎರಡರಷ್ಟಾದರೂ ದೂರದಲ್ಲಿ ಇಡಬೇಕು. ಬೆಳಿಗ್ಗೆ ಮೈದಾನ ನೋಡಿ ಬಂದೆ, ಧ್ವಜಕಂಬದ ಆಚೆ ಜಾಗವಿದೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಒಂಬತ್ತನೇ ತರಗತಿಯವರು ಈ ಕಾರ್ಯಕ್ರಮ ಮುಗಿದ ಕೂಡಲೇ ಅಲ್ಲಿಗೆ ಬನ್ನಿ, ಊಟಕ್ಕೆ ಮುಂಚೆ ನಿಲ್ಲಿಸಿಬಿಡೋಣ. ಗುದ್ದಲಿ ಯಾರ ಮನೆಯಲ್ಲಿ ಹತ್ತಿರವಿದೆಯೋ ಅವರು ತನ್ನಿ.