ಸೊಂಟದ ಸುತ್ತಳತೆ ಮತ್ತು ಮಿದುಳಿನ ಆರೋಗ್ಯ

(ಬಾದನಹಟ್ಟಿ ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಮೂವತ್ತು ವರ್ಷ ಮೀರಿದವರಿಗಾಗಿ ಆಶಾ ಕಾರ್ಯಕರ್ತೆಯರು ಭರ್ತಿ ಮಾಡುವ ನಮೂನೆಯಲ್ಲಿ ಸೊಂಟದ ಸುತ್ತಳತೆಯ ಕಲಮೊಂದಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮುನ್ಸೂಚನೆಗೆಂದು ಇರುವ ಈ ಅಳತೆಗೆ ಮಿದುಳಿನೊಡನೆಯೂ ಸಂಬಂಧವಿದೆ.

ಬ್ರಿಟನ್ನಿನಲ್ಲಿ 9,652 ಮಂದಿಯ ಮಿದುಳನ್ನು ಎಂ.ಆರ್.ಐ. ಮೂಲಕ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ತೂಕ ಸರಿಯಿದ್ದವರಲ್ಲಿ ಮಿದುಳಿನ ಬೂದು ದ್ರವ್ಯದ ಸರಾಸರಿ ಗಾತ್ರ 798 ಘನ ಸೆಂಟಿಮೀಟರ್. ತೂಕ ಮಾತ್ರ ಹೆಚ್ಚಿದ್ದವರಲ್ಲಿ 793. ತೂಕದೊಡನೆ ಹೊಟ್ಟೆಯ ಬೊಜ್ಜೂ ಇದ್ದವರಲ್ಲಿ 786. ಮಿದುಳಿನ ನರಕೋಶಗಳಲ್ಲಿ ಬಹುಪಾಲು ಇರುವುದು ಈ ಬೂದು ದ್ರವ್ಯದಲ್ಲಿಯೇ. ಬೊಜ್ಜಿನಿಂದ ಮಿದುಳು ಕುಗ್ಗಿತೋ, ಮಿದುಳಿನ ವ್ಯತ್ಯಾಸದಿಂದಲೇ ಬೊಜ್ಜು ಬೆಳೆಯಿತೋ ಎಂಬುದನ್ನು ಆ ಅಧ್ಯಯನ ತೀರ್ಮಾನಿಸಲಿಲ್ಲ. ಇವು ಸರಾಸರಿಗಳು ಮಾತ್ರ. ದಪ್ಪಗಿರುವವರ ಬುದ್ಧಿಯನ್ನು ಗೇಲಿ ಮಾಡುವುದಕ್ಕೆ ಇದರಲ್ಲಿ ಆಧಾರವಿಲ್ಲ. ಆದರೆ ಹೊಟ್ಟೆಯೊಳಗಿನ ಕೊಬ್ಬು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ; ಏರಿದ ಸಕ್ಕರೆ ಮತ್ತು ರಕ್ತದೊತ್ತಡಗಳು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಹಾಳುಗೆಡಹುತ್ತವೆ. ಲ್ಯಾನ್ಸೆಟ್ ಆಯೋಗದ 2020ರ ವರದಿಯು ಮರೆವಿನ ಕಾಯಿಲೆಯ ತಡೆಯಬಹುದಾದ 12 ಕಾರಣಗಳಲ್ಲಿ ನಡುವಯಸ್ಸಿನ ಬೊಜ್ಜನ್ನೂ ಎಣಿಸಿದೆ.

ಇದು ಪಟ್ಟಣದವರ ಪಾಡೆಂದು ಬಿಡುವಂತಿಲ್ಲ. ಕರ್ನಾಟಕದಲ್ಲಿ ಅಧಿಕ ತೂಕದ ಮಹಿಳೆಯರ ಪ್ರಮಾಣ 2015-16ರಲ್ಲಿ ಶೇ. 23.3 ಇದ್ದುದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 30.1ಕ್ಕೇರಿದೆ, ಪುರುಷರಲ್ಲಿ ಶೇ. 22.1ರಿಂದ 30.9ಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದವರ ರಕ್ತ, ನೆನಪು, ಮಿದುಳುಗಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ನಡೆಸುತ್ತಿದೆ.

ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಅನ್ನ ಬಂದು ಕುಳಿತಿತು. ಹಾಗೆಂದು ಅಕ್ಕಿಯನ್ನೊಂದನ್ನೇ ದೂರುವುದು ನ್ಯಾಯವಲ್ಲ. ನಾಟಿಗೆ, ಕೊಯ್ಲಿಗೆ ಯಂತ್ರ ಬಂದಿದೆ, ಹೊಲಕ್ಕೆ ಹೋಗಲು ಬೈಕಿದೆ, ಊಟದ ಪ್ರಮಾಣ ಮಾತ್ರ ನಡೆದು ದುಡಿದ ಕಾಲದ್ದೇ ಆಗಿದೆ.

ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದ ಸುತ್ತಳತೆ ಎಚ್ಚರಿಕೆಯ ಗೆರೆ. ಅಂಥವರ ರಕ್ತದೊತ್ತಡ, ಸಕ್ಕರೆ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಉಚಿತವಾಗಿ ಆಗುತ್ತದೆ. ಟೇಪಿಗೆ ದೊಡ್ಡ ಅನುದಾನ ಬೇಕಿಲ್ಲ. ಮಹಿಳೆಯರ ಅಳತೆಗೆ ಮರೆಯಿರುವ ಜಾಗ ಬೇಕು. ಅದಿಲ್ಲದಿದ್ದರೆ ನಮೂನೆಯಲ್ಲಿ ಅಂದಾಜಿನ ಅಂಕಿ ಬೀಳುವ ಸಂಭವವೇ ಹೆಚ್ಚು. ಮುಂದಿನ ಗ್ರಾಮಸಭೆಯ ದಿನ ಪಂಚಾಯತಿ ಕಚೇರಿಯ ಒಂದು ಕೊಠಡಿಯನ್ನು ಬೆಳಗಿನಿಂದಲೇ ಇದಕ್ಕೆ ಬಿಟ್ಟುಕೊಡಬಹುದು. ಮೊದಲ ಅಳತೆ ಸದಸ್ಯರದ್ದೇ ಆದರೆ ಉಳಿದವರು ಸಂಕೋಚಪಡಲಾರರು.