ಬೆನಿಡಾರ್ಮಿನ ಕಡಲ ತಡಿಯಲ್ಲಿ ಒಂದು ವಾರ

ರಜೆ ಎಂಬ ಮಾತು ನಮ್ಮ ಮನೆಮಾತೇ ಆಗಿಹೋಗಿದೆ. ಆದರೆ ಅದು ಕನ್ನಡದಲ್ಲಿ ಹುಟ್ಟಿದ್ದಲ್ಲ. ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಹಿಂದೂಸ್ಥಾನಿಗೆ, ಅಲ್ಲಿಂದ ಕಚೇರಿಯ ಕಾಗದಗಳ ಜೊತೆಯಲ್ಲಿ ನಮ್ಮಲ್ಲಿಗೆ ಬಂದು ನೆಲೆಸಿದ ಮಾತು. ಮೂಲದಲ್ಲಿ ಅದರ ಅರ್ಥ ಒಪ್ಪಿಗೆ ಎಂದು. ಒಡೆಯನು ಒಪ್ಪಿದರೆ ಆಳಿಗೆ ರಜೆ. ಈ ಅರ್ಥವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಮಾತಿನ ಕೊನೆಯಲ್ಲಿ ಅದು ಬೇಕಾಗುತ್ತದೆ.

ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿಯ ಮೋಡ ಮಳೆಗಳಿಂದ ಬೇಸತ್ತ ಜನ ವಾರದ ರಜೆ ಸಿಕ್ಕಿತೆಂದರೆ ಸ್ಪೇಯಿನ್ ದೇಶದ ಕಡಲ ತೀರಕ್ಕೆ ಹೋಗುವುದು ವಾಡಿಕೆ. ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಹೊರಡುವ ಮುನ್ನ ಪ್ರವೇಶದ ವೀಸಾ ಒಂದನ್ನು ಪಡೆಯಬೇಕು. ಅದು ಮಕ್ಕಳು ನೋಡಿಕೊಳ್ಳುವ ಕೆಲಸ. ಹಿರಿಯರ ಚಿಂತೆಯೇ ಬೇರೆ. “ನನಗೆ ಈಜು ಬಾರದು, ಮದ್ಯದ ಹವ್ಯಾಸವಿಲ್ಲ, ಮಾಂಸ ತಿನ್ನುವುದಿಲ್ಲ. ಅಲ್ಲಿ ಮರಳಿನ ಮೇಲೆ ಕುಳಿತು ಏನು ಮಾಡಲಿ?” ಈ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ಮಾತಿನ ಉದ್ದೇಶ. ಉದಾಹರಣೆಗಾಗಿ ಬೆನಿಡಾರ್ಮ್ ಎಂಬ ಒಂದೇ ಊರನ್ನು ತೆಗೆದುಕೊಳ್ಳುತ್ತೇನೆ.

ಸ್ಪೇಯಿನಿನ ಮೂಡಣ ಕರಾವಳಿಯಲ್ಲಿ, ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲಿ, ಅಲಿಕಾಂಟೆ ಎಂಬ ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ ಈ ಊರು. ಅರಬ್ಬರು ಶತಮಾನಗಳ ಕಾಲ ಆಳಿದ ನೆಲ ಅದು. ಹೆಸರಿನ ಮೊದಲಿನ ‘ಬೆನಿ’ ಎಂಬುದು ಅರಬ್ಬಿಯದು. ‘ಇಂಥವನ ಮಕ್ಕಳು’ ಎಂದು ಅದರ ಅರ್ಥ. ಅಲ್ಲಿಯವರು ಕಿತ್ತಳೆಗೆ ‘ನರಾಂಹಾ’ ಎನ್ನುತ್ತಾರೆ. ನಮ್ಮ ಸಂಸ್ಕೃತದ ‘ನಾರಂಗ’ವೇ ಪಾರಸಿ, ಅರಬ್ಬಿಗಳನ್ನು ಹಾದು ಅಲ್ಲಿಗೆ ಹೋಗಿ ಆ ರೂಪ ತಾಳಿದೆ. ಅಂಗಡಿಯಲ್ಲಿ ‘ಅಸೂಕಾರ್’ ಎಂದು ಬರೆದ ಪೊಟ್ಟಣ ಕಂಡರೆ ಬೆದರಬೇಡಿ. ಅದು ‘ಶರ್ಕರಾ’, ಎಂದರೆ ನಮ್ಮ ಮನೆಯ ಸಕ್ಕರೆ. ನಾವು ಹೋಗುವುದಕ್ಕೆ ಎಷ್ಟೋ ಮೊದಲೇ ನಮ್ಮ ಮಾತುಗಳು ಅಲ್ಲಿಗೆ ಹೋಗಿ ಸಂಸಾರ ಹೂಡಿವೆ.

1950ರಲ್ಲಿ ಬೆನಿಡಾರ್ಮಿನ ಜನಸಂಖ್ಯೆ ಮೂರು ಸಾವಿರಕ್ಕಿಂತ ಕಡಿಮೆ. ಗಂಡಸರು ಕಡಲಿನವರು. ಟ್ಯೂನಾ ಮೀನನ್ನು ದೊಡ್ಡ ಬಲೆಗಳ ಕೋಟೆಗೆ ಓಡಿಸಿ ಹಿಡಿಯುವ ‘ಅಲ್ಮದ್ರಾಬ’ ಎಂಬ ವಿದ್ಯೆಯಲ್ಲಿ ಅವರು ಹೆಸರಾಂತ ನಿಪುಣರು. ಆ ಕಸುಬು ಕುಂದಿತು. ಆಗ ಊರಿನ ಮೇಯರ್ ಆಗಿದ್ದವರು ಪೆದ್ರೋ ಸರಗೋಸಾ ಎಂಬವರು. ತಮ್ಮ ಊರಿನಲ್ಲಿ ಬಿಸಿಲೂ ಮರಳೂ ಉಂಟು, ಬೇರೆ ಸಂಪತ್ತಿಲ್ಲ ಎಂದು ಕಂಡು, ಆ ಬಿಸಿಲನ್ನೇ ಊರಿನ ಬೆಳೆಯಾಗಿ ಮಾಡಲು ಹೊರಟರು. 1956ರಲ್ಲಿ ಇಡೀ ಊರಿಗೆ ಅಗಲವಾದ ಬೀದಿಗಳ ಯೋಜನೆಯೊಂದು ಸಿದ್ಧವಾಯಿತು. ಪರದೇಶದ ಹೆಂಗಸರು ಎರಡು ತುಂಡಿನ ಈಜುಡುಗೆ ತೊಡುವುದಕ್ಕೆ ಧರ್ಮಗುರುಗಳು ಅಡ್ಡಿಮಾಡಿದಾಗ, ಈ ಮೇಯರ್ ತಮ್ಮ ಸ್ಕೂಟರನ್ನೇರಿ ಮ್ಯಾಡ್ರಿಡ್ಡಿಗೆ ಹೋಗಿ ಸರ್ವಾಧಿಕಾರಿ ಫ್ರಾಂಕೋನನ್ನೇ ಕಂಡು ಬಂದರೆಂಬ ಕಥೆ ಈಗಲೂ ಊರಿನಲ್ಲಿ ಪ್ರಚಾರದಲ್ಲಿದೆ. ಬಳಿಕ ಕಟ್ಟಡಗಳು ಮುಗಿಲಿಗೇರಿದುವು. 2002ರಲ್ಲಿ ತೆರೆದ ಒಂದು ಹೋಟೆಲಿನ ಎತ್ತರ 186 ಮೀಟರು! ಇಂದು ಊರಿನ ನೆಲೆಗಾರರೇ ಸುಮಾರು 70 ಸಾವಿರ. ಬೇಸಗೆಯಲ್ಲಿ ಅದರ ಹಲವು ಪಟ್ಟು.

ರಸಿಕರೆನಿಸಿಕೊಂಡವರು ಈ ಊರನ್ನು ಕಂಡು ಮೂಗು ಮುರಿಯುವುದುಂಟು. ಕಾಂಕ್ರೀಟಿನ ಕಾಡು ಎನ್ನುವುದುಂಟು. ಆದರೆ ಒಂದು ಮಾತು. ಹಿಂದೆ ಕಡಲ ತೀರದ ವಿಹಾರವೆಂಬುದು ರಾಜರಿಗೂ ಸಿರಿವಂತರಿಗೂ ಮೀಸಲಾಗಿತ್ತು. ಗಿರಣಿಯ ಕೂಲಿಗಾರ, ಬಸ್ಸಿನ ಚಾಲಕ, ಆಸ್ಪತ್ರೆಯ ದಾದಿ ತಮ್ಮ ಒಂದು ವಾರದ ರಜೆಯಲ್ಲಿ ಸಮುದ್ರವನ್ನು ಕಾಣುವಂತಾದುದು ಇಂಥ ಊರುಗಳಿಂದ. 1985ರಿಂದ ಸ್ಪೇಯಿನಿನ ಸರಕಾರ ತನ್ನ ವೃದ್ಧರಿಗೆ ಚಳಿಗಾಲದಲ್ಲಿ ಕಡಿಮೆ ವೆಚ್ಚದ ಪ್ರವಾಸಗಳನ್ನು ಏರ್ಪಡಿಸುತ್ತಿದೆ. ಅವರಲ್ಲಿ ಬಹುಮಂದಿ ಬರುವುದು ಇಲ್ಲಿಗೆ. ವಿಶ್ರಾಂತಿ ಎಂಬುದು ದುಡಿದವರೆಲ್ಲರ ಹಕ್ಕು ಎನ್ನುವುದಾದರೆ ಆ ಎತ್ತರದ ಕಟ್ಟಡಗಳನ್ನು ಸ್ವಲ್ಪ ಕ್ಷಮೆಯಿಂದ ನೋಡಬೇಕು.

ಇನ್ನು ದಿನಚರಿಗೆ ಬರೋಣ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಮ್ಮ ಗಾದೆ. ಬೆಳಗ್ಗೆ ಬೇಗನೆ ಎದ್ದು ಕಡಲಿಗೆ ಹೋಗಿ. ನಡುವೆ ಬಂಡೆಯೊಂದರ ಮೇಲೆ ಹಳೆಯ ಊರು. ಅದರ ಎರಡು ಪಕ್ಕಗಳಲ್ಲಿ ಎರಡು ಮರಳ ದಂಡೆಗಳು. ಒಂದರ ಹೆಸರು ಲೆವಾಂತೆ, ಇನ್ನೊಂದರದು ಪೊನಿಯೆಂತೆ. ಲೆವಾಂತೆ ಎಂದರೆ ಏಳುವುದು, ಪೊನಿಯೆಂತೆ ಎಂದರೆ ಮುಳುಗುವುದು. ಸೂರ್ಯ ಮೂಡುವ ದಿಕ್ಕು ಮೂಡಣ, ಪಡುವ ದಿಕ್ಕು ಪಡುವಣ ಎಂದು ಕನ್ನಡಿಗ ಹೆಸರಿಟ್ಟ ಹಾಗೆಯೇ ಅವರೂ ಇಟ್ಟಿದ್ದಾರೆ. ಮೂಡಣ ದಂಡೆ ಎರಡು ಕಿಲೋಮೀಟರು, ಪಡುವಣ ದಂಡೆ ಸುಮಾರು ಮೂರು. ಈಜು ಬಾರದವರು ಮೊಣಕಾಲುದ್ದದ ನೀರಿನಲ್ಲಿ ಇವೆರಡರ ಉದ್ದಕ್ಕೂ ನಡೆದರೆ ಸಾಕು. ವ್ಯಾಯಾಮಕ್ಕೆ ಬೇರೆ ಯತ್ನ ಬೇಡ. ದಂಡೆಯಲ್ಲಿ ಹಾರುವ ಬಾವುಟವನ್ನು ಮಾತ್ರ ತಪ್ಪದೆ ನೋಡಿ. ಹಸುರಾದರೆ ಇಳಿಯಬಹುದು, ಹಳದಿಯಾದರೆ ಎಚ್ಚರ, ಕೆಂಪಾದರೆ ನೀರಿಗಿಳಿಯಕೂಡದು. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುತ್ತೇವಲ್ಲ, ಅದೇ ಚಾಳಿ ಅಲ್ಲಿಯೂ ಉಂಟು. ಬೆಳಗಿನ ಜಾವವೇ ಛತ್ರಿ ನೆಟ್ಟು ಜಾಗ ಕಾದಿರಿಸಿ ಮತ್ತೆ ಮಲಗಲು ಹೋಗುವವರಿದ್ದಾರೆ. ಊರಿನ ನಿಯಮ ಅದನ್ನು ಒಪ್ಪುವುದಿಲ್ಲ. ನೀವು ಆ ಪಂಕ್ತಿಗೆ ಸೇರಬೇಡಿ.

ನಡುಹಗಲಿನಲ್ಲಿ ಏನು ಮಾಡಬೇಕು? ಏನೂ ಮಾಡಬಾರದು. ಬೇಸಗೆಯ ಬಿಸಿಲಿನಲ್ಲಿ ಆ ದೇಶದವರೇ ಹೊರಗೆ ಸುಳಿಯುವುದಿಲ್ಲ. ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ. ಉಂಡ ಮೇಲೆ ಎಲೆಯ ಮುಂದಿನಿಂದ ಥಟ್ಟನೆ ಏಳುವುದು ಅವರ ಪದ್ಧತಿಯಲ್ಲ. ಊಟದ ನಂತರ ಮೇಜಿನ ಸುತ್ತಲೇ ಕುಳಿತು ನಡೆಸುವ ಹರಟೆಗೆ ಅವರಲ್ಲಿ ‘ಸೊಬ್ರೆಮೇಸಾ’ ಎಂಬ ಪ್ರತ್ಯೇಕ ಹೆಸರೇ ಇದೆ. ಅಕ್ಕಿ ಆ ಸೀಮೆಯ ಮುಖ್ಯ ಆಹಾರ. ಆದರೆ ಅನ್ನವನ್ನು ಹೆಚ್ಚಾಗಿ ಮೀನಿನ ಅಥವಾ ಮಾಂಸದ ಸಾರಿನಲ್ಲಿ ಬೇಯಿಸುತ್ತಾರೆ. ತರಕಾರಿಯ ಅನ್ನವೆಂದು ಕಂಡರೂ ವಿಚಾರಿಸಿಯೇ ಉಣ್ಣಬೇಕು. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೋ’ ಎಂದರೆ ಮಾಂಸವಿಲ್ಲದೆ, ಮೀನಿಲ್ಲದೆ ಎಂದರ್ಥ. ಈ ನಾಲ್ಕು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಟೊಮೇಟೋ ಉಜ್ಜಿ ಎಣ್ಣೆ ಬಿಟ್ಟ ರೊಟ್ಟಿ, ಕಿತ್ತಳೆ, ಬಾದಾಮಿಗಳಿಗೆ ಕೊರತೆಯಿಲ್ಲ. ಹಿಹೋನಾ ಎಂಬ ಹತ್ತಿರದ ಊರಿನಿಂದ ಬರುವ ತುರ್ರೋನ್ ಎಂಬ ಸಿಹಿ ಬಾದಾಮಿ ಮತ್ತು ಜೇನಿನಿಂದಾದುದು. ನಮ್ಮ ಚಿಕ್ಕಿಯ ನೆಂಟ. ಸಾಮಾನ್ಯವಾಗಿ ಮೊಟ್ಟೆಯ ಬಿಳಿಯನ್ನು ಅದರಲ್ಲಿ ಸೇರಿಸುತ್ತಾರೆ ಎಂಬುದನ್ನು ಮಡಿವಂತರು ಗಮನಿಸಬೇಕು. ‘ಓರ್ಚಾತಾ’ ಎಂಬ ತಂಪಾದ ಬಿಳಿಯ ಪಾನಕ ಮಾತ್ರ ನಿಶ್ಚಿಂತೆಯದು. ನಮ್ಮ ಗದ್ದೆಯಲ್ಲಿ ಕಿತ್ತೆಸೆಯುವ ಜೇಕಿನ ಕುಲಕ್ಕೆ ಸೇರಿದ ಹುಲ್ಲೊಂದರ ಗಡ್ಡೆಯನ್ನು ನೆನೆಸಿ, ಅರೆದು, ಹಿಂಡಿ, ಸಕ್ಕರೆ ಬೆರೆಸಿ ಮಾಡುತ್ತಾರೆ.

ಸಂಜೆ ಊರೆಲ್ಲ ಹೊರಗೆ ಬರುತ್ತದೆ. ಅಜ್ಜ ಅಜ್ಜಿ, ತೊಟ್ಟಿಲ ಗಾಡಿಯ ಕೂಸು, ಎಲ್ಲರೂ ಕಡಲ ಬದಿಯ ಹಾದಿಯಲ್ಲಿ ಮೆಲ್ಲಗೆ ನಡೆಯುತ್ತಾರೆ. ಪಡುವಣ ದಂಡೆಯ ಹಾದಿಯನ್ನು 2009ರಲ್ಲಿ ಅಲೆಗಳ ಆಕಾರದಲ್ಲಿ, ಬಣ್ಣಬಣ್ಣದ ಹೆಂಚು ಹಾಸಿ ಹೊಸದಾಗಿ ಕಟ್ಟಿದರು. ನೀವೂ ನಡೆಯಿರಿ. ಹಳೆಯ ಊರಿನ ಬಂಡೆಯ ತುದಿಯಲ್ಲಿ ಬಿಳಿಯ ಕಟಾಂಜನದ ಒಂದು ಜಗುಲಿಯಿದೆ. ಮೆಡಿಟರೇನಿಯನ್ನಿನ ಉಪ್ಪರಿಗೆ ಎಂದು ಅದರ ಹೆಸರು. ಅಲ್ಲಿ ನಿಂತರೆ ಎರಡು ದಂಡೆಗಳೂ ಒಮ್ಮೆಗೇ ಕಾಣುತ್ತವೆ. ಎದುರಿಗೆ ಕಡಲಿನಲ್ಲಿ ತ್ರಿಕೋನಾಕಾರದ ಸಣ್ಣ ದ್ವೀಪ. ಹಿಂದೆ ತಿರುಗಿದರೆ 1,400 ಮೀಟರಿಗೂ ಎತ್ತರದ ಪುಚ್ ಕಂಪಾನಾ ಬೆಟ್ಟ, ಅದರ ತಲೆಯಲ್ಲಿ ಚೌಕವಾದ ಒಂದು ಕಚ್ಚು. ರೊಲ್ದಾನನೆಂಬ ದೈತ್ಯನ ನಲ್ಲೆಗೆ, ದಿನದ ಕೊನೆಯ ಕಿರಣ ಮರೆಯಾದೊಡನೆ ಸಾವೆಂದು ವಿಧಿಯಿತ್ತಂತೆ. ಅವಳ ಆಯುಸ್ಸನ್ನು ಒಂದು ಗಳಿಗೆಯಾದರೂ ಬೆಳೆಸಬೇಕೆಂದು ಅವನು ಬೆಟ್ಟದ ತುಂಡನ್ನು ಕಿತ್ತೆಸೆದನಂತೆ. ಅದೇ ಆ ದ್ವೀಪವಾಯಿತಂತೆ. ನಮ್ಮ ಊರೂರಿನಲ್ಲಿಯೂ ಭೀಮಸೇನ ಎಸೆದ ಬಂಡೆಗಳಿರುವುದರಿಂದ ನಮಗೆ ಈ ಕಥೆಯನ್ನು ನಂಬಲು ಕಷ್ಟವಾಗದು. ಆ ದ್ವೀಪಕ್ಕೆ ಬಂದರಿನಿಂದ ದೋಣಿಗಳು ಹೋಗುತ್ತವೆ. ದ್ವೀಪವೂ ಊರಿನ ಮೂಡಣಕ್ಕಿರುವ ಸೆರ್ರಾ ಜೆಲಾದಾ ಬೆಟ್ಟಸಾಲೂ 2005ರಿಂದ ರಕ್ಷಿತ ಪ್ರದೇಶಗಳು. ಆ ಬೆಟ್ಟಸಾಲಿನ ಆಚೆ ತುದಿಯಲ್ಲಿ ಅಲ್ಬೀರ್ ದೀಪಸ್ತಂಭ. ಅಲ್ಲಿಗೆ ಹೋಗುವ ಹಾದಿ ಸಮವಾಗಿರುವುದರಿಂದ ವಯಸ್ಸಾದವರೂ ನಿರಾಯಾಸವಾಗಿ ನಡೆಯಬಹುದು.

ಒಂದು ದಿನವನ್ನು ಪಕ್ಕದ ಊರಿಗೆ ಕೊಡಿ. ಕಡಲ ಅಂಚಿನಲ್ಲಿ ಓಡುವ ಪುಟ್ಟ ರೈಲು ನಿಮ್ಮನ್ನು ವಿಲ್ಯಾಹೊಯೋಸಾಕ್ಕೆ ಮುಟ್ಟಿಸುತ್ತದೆ. ಹೆಸರಿನ ಅರ್ಥ ಹರ್ಷದ ಊರು. ಕಡಲಿಗೆ ಮುಖಮಾಡಿದ ಮನೆಗಳಿಗೆ ಒಂದೊಂದಕ್ಕೂ ಒಂದೊಂದು ಗಾಢವಾದ ಬಣ್ಣ. ದೂರದಿಂದ ಹಿಂದಿರುಗುವ ಬೆಸ್ತರು ತಮ್ಮ ಮನೆಯನ್ನು ಗುರುತಿಸಲೆಂದು ಹೀಗೆ ಬಳಿದರೆಂದು ಹೇಳುತ್ತಾರೆ. ಚಾಕೊಲೇಟಿಗೆ ಹೆಸರಾದ ಊರು ಇದು. 1881ರಲ್ಲಿ ಆರಂಭವಾದ ಕಾರ್ಖಾನೆಯೊಂದು ಇಂದಿಗೂ ನಡೆಯುತ್ತಿದೆ. ಜುಲೈ ತಿಂಗಳ ಕೊನೆಯಲ್ಲಿ ಹೋದರೆ, 1538ರ ಕಡಲುಗಳ್ಳರ ದಾಳಿಯ ನೆನಪಿಗಾಗಿ ಊರಿನವರು ಬೆಳಗಿನ ಜಾವ ದೋಣಿಗಳಿಂದ ದಂಡೆಗಿಳಿದು ಆಡುವ ಹುಸಿಯುದ್ಧವನ್ನು ನೋಡಬಹುದು.

ಇನ್ನೊಂದು ದಿನ ಕಡಲಿಗೆ ಬೆನ್ನು ಮಾಡಿ ಬೆಟ್ಟದ ಕಡೆಗೆ ಹೋಗಿ. ಇದನ್ನು ಮಾತ್ರ ಬಿಡಬೇಡಿ. ಗ್ವಾದಲೆಸ್ತ್ ಎಂಬುದು ಬಂಡೆಯ ನೆತ್ತಿಯಲ್ಲಿ ಕುಳಿತ ಹಳ್ಳಿ. ಕೋಟೆಯೊಳಕ್ಕೆ ಹೋಗಲು ಬಂಡೆಯಲ್ಲಿ ಕೊರೆದ ಕಿರಿದಾದ ಸುರಂಗ. ಮೇಲಿನಿಂದ ಬಗ್ಗಿ ನೋಡಿದರೆ ಕಣಿವೆಯಲ್ಲಿ ನೀಲಿಹಸುರಿನ ಒಂದು ಜಲಾಶಯ. ಎಲ್ಲರೂ ಅದರ ಚಿತ್ರ ತೆಗೆದುಕೊಂಡು ಬರುತ್ತಾರೆ. ನೀವು ಒಂದು ನಿಮಿಷ ಹೆಚ್ಚು ನಿಂತು ಯೋಚಿಸಬೇಕು. ಅಂದು ಬೆಳಗ್ಗೆ ನಿಮ್ಮ ಹೋಟೆಲಿನ ನಲ್ಲಿಯಲ್ಲಿ ಬಂದ ನೀರಿನ ತವರುಮನೆಗಳಲ್ಲಿ ಅದೂ ಒಂದು.

ಆ ಸೀಮೆಯಲ್ಲಿ ಮಳೆ ಕಡಿಮೆ. 1978ರ ಬರಗಾಲದಲ್ಲಿ ಬೆನಿಡಾರ್ಮಿಗೆ ಕುಡಿಯುವ ನೀರನ್ನು ಹಡಗುಗಳಲ್ಲಿ ತರಬೇಕಾಯಿತು. ಮುಂದೆ ಉಪ್ಪಿನ ಸಮುದ್ರ, ಹಿಂದೆ ತುಂಬಿದ ಹೋಟೆಲುಗಳು, ನಡುವೆ ಒಣಗಿದ ನಲ್ಲಿಗಳು! ಆಗ ಊರಿನವರು ಒಂದು ಪಾಠ ಕಲಿತರು. ಅದಕ್ಕೆ ಹಿಂದಿನ ವರ್ಷವಷ್ಟೇ ಸುತ್ತಣ ಊರುಗಳು ಸೇರಿ ನೀರಿನ ಒಕ್ಕೂಟವೊಂದನ್ನು ರಚಿಸಿಕೊಂಡಿದ್ದುವು. ಅದರ ಮೂಲಕ ರೈತರೊಡನೆ ಒಪ್ಪಂದವಾಯಿತು. ಲೋಕಾಟ್, ಕಿತ್ತಳೆ, ನಿಂಬೆಗಳನ್ನು ಬೆಳೆಯುವ ರೈತರು ಹೊಳೆಯ ಹಾಗೂ ಒರತೆಯ ಒಳ್ಳೆಯ ನೀರನ್ನು ಊರಿಗೆ ಬಿಟ್ಟುಕೊಡುತ್ತಾರೆ. ಊರಿನವರು ಬಳಸಿದ ನೀರನ್ನು ಶುದ್ಧಮಾಡಿ ತೋಟಗಳಿಗೆ ಹಿಂದಿರುಗಿಸುತ್ತಾರೆ. ಒಬ್ಬರ ಸ್ನಾನದ ನೀರು ಮತ್ತೊಬ್ಬರ ಮರದ ಬುಡಕ್ಕೆ. ಬಚ್ಚಲ ನೀರನ್ನು ಹಿತ್ತಲ ಬಾಳೆಗೆ ಹರಿಸಿದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಹೀಗೆ ನೋಡಿದರೆ ನಮ್ಮ ಒಂದು ವಾರದ ವಿಶ್ರಾಂತಿಯ ಕೆಳಗೆ ಎಷ್ಟೋ ಕೈಗಳಿವೆ. ನೀವು ಕಡಲಿನಿಂದ ಹಿಂದಿರುಗುವಷ್ಟರಲ್ಲಿ ಹಾಸಿಗೆ ಮಡಿಯಾಗಿರುತ್ತದೆ, ನೆಲದ ಮರಳು ಮಾಯವಾಗಿರುತ್ತದೆ. ಆ ಕೆಲಸ ಮಾಡುವ ಹೆಂಗಸರು ಕೆಲವು ವರ್ಷಗಳ ಹಿಂದೆ ಸ್ಪೇಯಿನಿನಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ‘ಗುಡಿಸಿ ತೊಳೆಯುವವರು’ ಎಂಬ ಅರ್ಥದ ಸ್ಪಾನಿಷ್ ಮಾತನ್ನೇ ಮೊಟಕು ಮಾಡಿ ‘ಕೆಲ್ಲಿ’ಗಳೆಂದು ತಮ್ಮನ್ನು ಕರೆದುಕೊಂಡರು. ದಿನಕ್ಕೆ ಇಷ್ಟೊಂದು ಕೋಣೆಗಳಾದರೆ ನಮ್ಮ ಬೆನ್ನು ಉಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. 2024ರಲ್ಲಿ ಸ್ಪೇಯಿನಿಗೆ ಬಂದ ಪರದೇಶದ ಪ್ರವಾಸಿಗರು ಸುಮಾರು 9 ಕೋಟಿ 40 ಲಕ್ಷ. ಆ ದೇಶದ ಜನಸಂಖ್ಯೆಯೇ ಅದಕ್ಕಿಂತ ಬಹಳ ಕಡಿಮೆ. ಅದೇ ವರ್ಷ ಕ್ಯಾನರಿ ದ್ವೀಪಗಳಲ್ಲಿ, ಮಾಯೋರ್ಕಾದಲ್ಲಿ, ಬಾರ್ಸೆಲೋನಾದಲ್ಲಿ ಊರಿನವರು ಬೀದಿಗಿಳಿದರು. ಬಾಡಿಗೆ ಏರಿ ನಮಗೇ ಮನೆ ಸಿಕ್ಕದಾಗಿದೆ, ಅತಿಥಿಗಳು ಮಿತಿಮೀರಿದ್ದಾರೆ ಎಂದು ಕೂಗಿದರು. ಅತಿಥಿಯನ್ನು ದೇವರೆಂದು ಕರೆದ ನಾವು ಈ ಕೂಗನ್ನು ಕಿವಿಗೊಟ್ಟು ಕೇಳಬೇಕು. ಮನೆಯವರ ತಾಳ್ಮೆ ಮುಗಿಯುವ ತನಕ ಕುಳಿತವನು ಅತಿಥಿಯಲ್ಲ.

ಹಾಗಾದರೆ ಹೋಗಬಾರದೇ? ಹಾಗಲ್ಲ. ಹೋಗಿ. ಜುಲೈ, ಆಗಸ್ಟುಗಳ ನೂಕುನುಗ್ಗಲನ್ನು ಬಿಟ್ಟು ಮೇ ತಿಂಗಳಲ್ಲೋ ಅಕ್ಟೋಬರಿನಲ್ಲೋ ಹೋಗಿ. ನಲ್ಲಿಯನ್ನು ಮನೆಯಲ್ಲಿ ನಿಲ್ಲಿಸಿದಂತೆಯೇ ಅಲ್ಲಿಯೂ ನಿಲ್ಲಿಸಿ. ಊರಿನವರ ಅಂಗಡಿಯಲ್ಲಿ ಹಣ್ಣು ಕೊಳ್ಳಿ. ಕೋಣೆ ಗುಡಿಸಲು ಬಂದಾಕೆಗೆ ‘ಬ್ವೆನೋಸ್ ದೀಯಾಸ್’ ಎಂದು ಬೆಳಗಿನ ವಂದನೆಯನ್ನೂ, ಹೊರಡುವಾಗ ‘ಗ್ರಾಸಿಯಾಸ್’ ಎಂದು ಕೃತಜ್ಞತೆಯನ್ನೂ ಹೇಳಿ. ಆಕೆಗೆ ನೀವು ನೂರರಲ್ಲಿ ಒಬ್ಬರು ನಿಜ. ಆದರೆ ಮುಖವೆತ್ತಿ ಮಾತಾಡಿಸಿದ ಒಬ್ಬರು.

ರಜೆ ಎಂದರೆ ಒಪ್ಪಿಗೆ ಎಂದು ಮೊದಲೇ ಹೇಳಿದೆನಷ್ಟೆ. ಕಚೇರಿಯ ಒಡೆಯ ಕೊಟ್ಟ ಒಪ್ಪಿಗೆ ವಿಮಾನ ಹತ್ತುವ ತನಕ ಸಾಕು. ಇಳಿದ ಮೇಲೆ ಬೇಕಾದುದು ಆ ಊರಿನ ಒಪ್ಪಿಗೆ: ನೀರು ಬಿಟ್ಟುಕೊಟ್ಟ ರೈತನದು, ಹಾಸಿಗೆ ಹಾಸಿದ ಹೆಂಗಸಿನದು, ಸಂಜೆ ಹಾದಿಯಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಅಜ್ಜನದು. ಅದಕ್ಕೆ ಅರ್ಜಿಯಿಲ್ಲ, ರುಜುವಿಲ್ಲ. ನಮ್ಮ ನಡತೆಯನ್ನು ನೋಡಿ ದಿನದಿನವೂ ಅವರು ಕೊಡಬೇಕು. ಅದು ದೊರೆತರೆ, ಈಜು ಬಾರದಿದ್ದರೂ ಸರಿಯೇ, ನಿಮ್ಮ ರಜೆ ಮಂಜೂರಾಯಿತೆಂದು ತಿಳಿಯಿರಿ.